ಪ್ಲಗ್ ಕಳೆದುಕೊಂಡ ಹೌಸಿಂಗು

ಅಂಬಾಸಿಡರ್ ಕಾರಿನ ಹಿಂದಿನ ಡಿಫರೆನ್ಷಿಯಲ್ ಹೌಸಿಂಗಿಗೆ ಎರಡು ಪ್ಲಗ್. ಒಂದು ಮೇಲೆ, ಆಯಿಲ್ ತುಂಬಲಿಕ್ಕೆ. ಇನ್ನೊಂದು ತಳದಲ್ಲಿ, ಹಳೆಯದನ್ನು ಇಳಿಸಲಿಕ್ಕೆ. ಸಕಲೇಶಪುರದಲ್ಲಿ ನಾನು ಗ್ಯಾರೇಜು ನಡೆಸುತ್ತಿದ್ದಾಗ ಕೆಲಸ ಕಲಿಯಲು ಬಂದ ಹುಡುಗರಿಗೆಲ್ಲ ಮೊದಲ ದಿನವೇ ಹೇಳಿಬಿಡುತ್ತಿದ್ದೆ: ಮೇಲಿನದನ್ನು ಮೊದಲು ಬಿಚ್ಚು, ಅದು ಬಂದರೆ ಮಾತ್ರ ಕೆಳಗಿನದಕ್ಕೆ ಸ್ಪ್ಯಾನರ್ ಹಾಕು. ಆಯಿಲೆಲ್ಲ ಬರಿದಾದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಕೂತಿದೆ ಅಂತ ಗೊತ್ತಾದರೆ ಗಾಡಿ ಅಲ್ಲಿಂದ ಅಲ್ಲಾಡುವುದಿಲ್ಲ.

ಈಗಿನ ಎಷ್ಟೋ ಗಾಡಿಗಳಿಗೆ ಈ ಬುದ್ಧಿವಾದ ಬೇಕಿಲ್ಲ. ತಳದ ಪ್ಲಗ್ಗೇ ಇಲ್ಲ. ಕೈಪಿಡಿ ತೆಗೆದರೆ ‘ಲೈಫ್‌ಟೈಮ್ ಫಿಲ್’ ಅಂತ ಒಂದು ಸಾಲು, ಅಂದರೆ ಆಯಿಲ್ ಬದಲಿಸುವುದೇ ಬೇಡ. ಗಿರಾಕಿಗಳು ಅದರ ಮೇಲೆ ಬೆರಳಿಟ್ಟು, “ಕಂಪನಿಯೋರೇ ಬೇಡ ಅಂದಮೇಲೆ ನಿಮ್ದೇನಣ್ಣ ಹೊಸ ರಾಗ?” ಅಂತ ಕೇಳುತ್ತಾರೆ. ಕೇಳುವುದು ನ್ಯಾಯವೇ. ಆದರೆ ಆ ಪ್ಲಗ್ ಯಾಕಿತ್ತು, ಯಾವಾಗ ಹೋಯಿತು ಅನ್ನುವ ಕಥೆ ಗೊತ್ತಿಲ್ಲದೆ ಉತ್ತರ ಹೇಳುವುದು ಕಷ್ಟ.

ನಮ್ಮ ಹಿರಿಯರು ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ್ದು. ಗಾಡಿಯ ಅಡಿಯಲ್ಲೇ ಅದರ ಗೊಟ್ಟ ತೂಗಾಡುತ್ತಿತ್ತು. ಗಾಲಿ ಕಿರುಗುಟ್ಟಿದರೆ ಇಳಿದು ಹಚ್ಚುವುದು, ಅಷ್ಟೇ. ಹರಳೆಣ್ಣೆ ಮೋಟಾರಿಗೂ ಬಂತು. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ಹರಳೆಣ್ಣೆ ಬೆರೆಸಿದ ತನ್ನ ಆಯಿಲಿಗೆ ‘ಕ್ಯಾಸ್ಟ್ರಾಲ್’ ಅಂತ ಹೆಸರಿಟ್ಟದ್ದು ಅದೇ ಎಣ್ಣೆಯ ಇಂಗ್ಲಿಷ್ ಹೆಸರಿನಿಂದ.

ಹಿಂದಿನ ಹೌಸಿಂಗಿನೊಳಗೆ ಕೂತ ಡಿಫರೆನ್ಷಿಯಲ್ ಈ ಆಯಿಲಿಗಿಂತ ಹಳೆಯದು. 1820ರ ದಶಕದ ಕೊನೆಯಲ್ಲಿ ಪೆಕ್ಯೂರ್ ಎಂಬ ಫ್ರೆಂಚ್ ಯಂತ್ರತಜ್ಞ ಉಗಿಬಂಡಿಗಾಗಿ ಮಾಡಿದ್ದು. ಶಿರಾಡಿ ಘಾಟಿಯ ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ದೂರ ಓಡಬೇಕು, ಒಳಬದಿಯದು ಕಡಿಮೆ. ಎರಡಕ್ಕೂ ಒಂದೇ ಎಂಜಿನ್ ಶಕ್ತಿ ಕೊಡುತ್ತಲೇ ಈ ವ್ಯತ್ಯಾಸಕ್ಕೆ ದಾರಿ ಬಿಡುವುದು ಅದರ ಕೆಲಸ. ಮೊದಮೊದಲ ಕಾರುಗಳಲ್ಲಿ ಇದಕ್ಕೆ ವಿಶೇಷ ಆಯಿಲೇನೂ ಬೇಕಿರಲಿಲ್ಲ. 1927ರಲ್ಲಿ ಬಂದ ಫೋರ್ಡ್ ಮಾಡೆಲ್ ಎ ಕಾರಿನ ಗೇರ್‌ಬಾಕ್ಸಿಗೂ ಹಿಂದಿನ ಹೌಸಿಂಗಿಗೂ ಹಾಕುತ್ತಿದ್ದದ್ದು 600 ಡಬ್ಲ್ಯೂ ಎಂಬ ಆಯಿಲ್. ಅದು ಉಗಿಯಂತ್ರದ ಸಿಲಿಂಡರ್ ಆಯಿಲಿನ ಜಾತಿಯದು. ಚಳಿ ಬಿದ್ದರೆ ಡಬ್ಬಿಯಿಂದ ಇಳಿಯುವುದಕ್ಕೇ ಹಠ ಮಾಡುವಷ್ಟು ಗಟ್ಟಿ. ಆ ಗೇರುಗಳ ಹಲ್ಲುಗಳು ಹೆಚ್ಚಾಗಿ ಒಂದರ ಮೇಲೊಂದು ಉರುಳುತ್ತಿದ್ದವು, ಉಜ್ಜಾಟ ಕಡಿಮೆ. ಗಟ್ಟಿ ಆಯಿಲ್ ಇದ್ದರೆ ಸಾಕಿತ್ತು.

ಕಥೆ ಬದಲಾದದ್ದು ಅದಕ್ಕೆ ಒಂದು ವರ್ಷ ಮೊದಲೇ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನಲ್ಲಿ ಗ್ಲೀಸನ್ ಅಂತ ಗೇರು ಕತ್ತರಿಸುವ ಯಂತ್ರಗಳ ಕಂಪನಿ. ಎಂಜಿನ್ ಕಡೆಯ ಪುಟ್ಟ ಗೇರಾದ ಪಿನಿಯನ್ನನ್ನು ಅದು ತಿರುಗಿಸುವ ದೊಡ್ಡ ಕ್ರೌನ್ ವೀಲಿನ ಮಧ್ಯರೇಖೆಗಿಂತ ಕೆಳಗೆ ಕೂರಿಸುವ ಹೈಪಾಯ್ಡ್ ಗೇರನ್ನು ಅವರು ತಯಾರು ಮಾಡಿದರು. 1926ರಲ್ಲಿ ಪ್ಯಾಕಾರ್ಡ್ ಕಂಪನಿ ಅದನ್ನು ತನ್ನ ಕಾರಿಗೆ ಹಾಕಿತು. ಪಿನಿಯನ್ ಕೆಳಗಿಳಿದರೆ ಪ್ರೊಪೆಲ್ಲರ್ ಶಾಫ್ಟೂ ಕೆಳಗೆ, ಶಾಫ್ಟಿನ ಹಿಂದೆ ಕಾರಿನ ನೆಲವೂ ಕೆಳಗೆ. ಗೇರಿನ ಸದ್ದೂ ಇಳಿಯಿತು. ನೋಡಲಿಕ್ಕೆ ಚೆಂದ, ಕೂರಲಿಕ್ಕೆ ಸುಖ. ಪೆಟ್ಟು ಬಿದ್ದದ್ದು ಆಯಿಲಿಗೆ. ಹೈಪಾಯ್ಡಿನಲ್ಲಿ ಹಲ್ಲುಗಳು ಉರುಳುವುದರ ಜೊತೆಗೆ ಉದ್ದಕ್ಕೂ ಜಾರುತ್ತವೆ, ಅದೂ ಭಾರೀ ಒತ್ತಡದಲ್ಲಿ. ಬರೀ ಖನಿಜ ತೈಲದ ಪದರ ಅಲ್ಲಿ ನಿಲ್ಲುವುದಿಲ್ಲ. ಹರಿದುಹೋಗಿ ಉಕ್ಕಿಗೆ ಉಕ್ಕು ಅಂಟುತ್ತದೆ.

ಅದಕ್ಕೆ ಮದ್ದು ಗಂಧಕ. ಬಿಸಿ ಏರಿದ ಜಾಗದಲ್ಲಿ ಅದು ಉಕ್ಕಿನ ಜೊತೆ ಸೇರಿ ಮೇಲ್ಮೈಯಲ್ಲೊಂದು ತೆಳು ಪೊರೆ ಕಟ್ಟುತ್ತದೆ. ಹಲ್ಲುಗಳು ಉಜ್ಜುವುದು ಆ ಪೊರೆಯನ್ನು, ಲೋಹವನ್ನಲ್ಲ. ನಾವು ‘ತೊಂಬತ್ತು ನಂಬರ್’ ಅನ್ನುವ ಇಪಿ 90 ಗೇರ್ ಆಯಿಲಿನ ಆ ಮೂಗು ಕಟ್ಟುವ ವಾಸನೆ, ಬಟ್ಟೆಗೆ ಹತ್ತಿದರೆ ಹೆಂಡತಿ ಮನೆಯೊಳಗೆ ಬಿಟ್ಟುಕೊಳ್ಳದ ವಾಸನೆ, ಇದೇ ಗಂಧಕದ್ದು. ಶುರುವಿನಲ್ಲಿ ಗಂಧಕದ ಜೊತೆ ಸೀಸವೂ ಕ್ಲೋರಿನ್ನೂ ಇದ್ದವು. ಸ್ಪರ್ಮ್ ತಿಮಿಂಗಿಲದ ಎಣ್ಣೆಯೂ ಇತ್ತು! ಗಂಧಕ ಸೇರಿಸಿದ ಆ ಎಣ್ಣೆ ಗೇರ್ ಆಯಿಲಿಗೆ, ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ, ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ಲಿಗೆ ಹೋಗುತ್ತಿತ್ತು. 1970ರಲ್ಲಿ ಅಮೆರಿಕ ಆ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿ ಆಮದು ನಿಲ್ಲಿಸಿದ ಮೇಲೆ ರಸಾಯನಶಾಸ್ತ್ರಜ್ಞರು ಹೊಹೋಬಾ ಎಂಬ ಮರುಭೂಮಿ ಗಿಡದ ಬೀಜದ ತನಕ ಹುಡುಕಿಕೊಂಡು ಹೋದರು.

ಗಂಧಕಕ್ಕೆ ಇನ್ನೊಂದು ಮುಖವಿದೆ. ಉಕ್ಕನ್ನು ಕಾಯುವ ಅದೇ ಗಂಧಕ ಬಿಸಿಯಲ್ಲಿ ಹಿತ್ತಾಳೆಯನ್ನು ತಿನ್ನುತ್ತದೆ. ಗೇರು ಸಲೀಸಾಗಿ ಬೀಳುವಂತೆ ಮಾಡುವ ಗೇರ್‌ಬಾಕ್ಸಿನ ಸಿಂಕ್ರೊನೈಸರ್ ರಿಂಗುಗಳು ಹೆಚ್ಚಾಗಿ ಹಿತ್ತಾಳೆಯವು. ಗೇರ್ ಆಯಿಲಿನಲ್ಲಿ ಜಿಎಲ್-4, ಜಿಎಲ್-5 ಅಂತ ದರ್ಜೆಗಳಿವೆ. ಜಿಎಲ್-5ರಲ್ಲಿ ಮದ್ದು ಹೆಚ್ಚುಕಡಿಮೆ ಎರಡು ಪಟ್ಟು, ಅದು ಹೈಪಾಯ್ಡಿಗೆ. ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ “ದೊಡ್ಡ ನಂಬರ್, ಒಳ್ಳೇ ಆಯಿಲ್” ಅಂತ ಜಿಎಲ್-5 ಸುರಿಸಿಕೊಂಡು, ಆಮೇಲೆ ಗೇರು ಬೀಳುತ್ತಿಲ್ಲ ಅಂತ ಬರುವವರು ನಮ್ಮ ಕಡೆ ಯಾವತ್ತೂ ಇದ್ದರು.

ಈಗ ಪ್ಲಗ್ಗಿನ ವಿಷಯ. ಲೈಫ್‌ಟೈಮ್ ಅನ್ನುವುದನ್ನು ಜರ್ಮನ್ ಕಾರುಗಳು ತಂದ ಹೊಸ ಪದ್ಧತಿ ಅಂತ ಜನ ತಿಳಿದಿದ್ದಾರೆ. ಅಲ್ಲ. 1957ರಲ್ಲಿ ಬಂದ ಫೋರ್ಡಿನ ಹೆಸರಾಂತ ಒಂಬತ್ತು ಇಂಚಿನ ಹಿಂದಿನ ಆಕ್ಸಲ್ ಸಾಮಾನ್ಯವಾಗಿ ಡ್ರೈನ್ ಪ್ಲಗ್ ಇಲ್ಲದೆಯೇ ಬರುತ್ತಿತ್ತು. ಜನರಲ್ ಮೋಟಾರ್ಸ್‌ನ ಹತ್ತು ಬೋಲ್ಟಿನ ಆಕ್ಸಲ್ಲಿನಲ್ಲಿ ಆಯಿಲ್ ಇಳಿಸಬೇಕಾದರೆ ಹಿಂದಿನ ಕವರನ್ನೇ ಬಿಚ್ಚಬೇಕು. ಇದರಲ್ಲಿ ಮೋಸವೇನೂ ಇರಲಿಲ್ಲ. ಎಂಜಿನ್ ಆಯಿಲಿನ ಹಾಗೆ ಇಲ್ಲಿ ಮಸಿ, ಪೆಟ್ರೋಲು ಬೆರೆಯುವುದಿಲ್ಲ. ಸೀಲುಗಳು ಉತ್ತಮವಾಗಿದ್ದವು, ಆಯಿಲೂ ಸುಧಾರಿಸಿತ್ತು. ಆದರೆ ಅದೇ ಕಾಲಕ್ಕೆ ಪೈಪೋಟಿ ಬೇರೆ ಕಡೆಯೂ ಶುರುವಾಗಿತ್ತು. 1963ರ ಮಾಡೆಲುಗಳಿಗೆ ಕ್ರೈಸ್ಲರ್ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಸೇರಿಸಿ 5 ವರ್ಷ ಅಥವಾ 50,000 ಮೈಲಿ ವಾರಂಟಿ ಕೊಟ್ಟಿತು. ವಾರಂಟಿ ಮುಗಿಯುವ ತನಕ ಹಲ್ಲು ಉಳಿದರೆ ಕಂಪನಿಯ ಲೆಕ್ಕ ಚುಕ್ತಾ. ಆಮೇಲಿನದು ಕಾರಿನವನ ಪಾಡು. ಇದು ನನ್ನ ಅಭಿಪ್ರಾಯ, ಯಾವ ಕೈಪಿಡಿಯಲ್ಲೂ ಹೀಗೆ ಬರೆದಿರುವುದಿಲ್ಲ.

ತೊಂಬತ್ತರ ದಶಕದಲ್ಲಿ ಬಿಎಂಡಬ್ಲ್ಯೂ ಈ ಲೈಫ್‌ಟೈಮ್ ಪದ್ಧತಿಯನ್ನು ದೊಡ್ಡದಾಗಿ ಮುಂದುವರಿಸಿತು. ಅಮೆರಿಕದಲ್ಲಿ ಕೊಂಡವರಿಗೆ ಮೊದಲ ಕೆಲ ವರ್ಷದ ಸರ್ವೀಸನ್ನು ಬಿಟ್ಟಿಯಾಗಿ ಕೊಡತೊಡಗಿದ್ದೂ ಅದೇ ದಶಕದಲ್ಲಿ. ಖರ್ಚು ತನ್ನ ತಲೆಗೇ ಬಂದಾಗ ಯಾವ ಆಯಿಲಿಗಾದರೂ ಆಯಸ್ಸು ಉದ್ದವಾಗುವುದು ಸಹಜ. ಆದರೆ ಅದೇ ಕಂಪನಿಯ ಎಂ ಎಂಬ ವೇಗದ ಕಾರುಗಳನ್ನು ನೋಡಿ. ಅವುಗಳಿಗೆ 2,000 ಕಿಲೋಮೀಟರಿಗೇ ಎಂಜಿನ್ ಆಯಿಲಿನ ಜೊತೆ ಡಿಫರೆನ್ಷಿಯಲ್ ಆಯಿಲೂ ಬದಲು. ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ಉಕ್ಕಿನ ಪುಡಿ ಅವರಿಗೂ ಚೆನ್ನಾಗಿ ಗೊತ್ತು. ಇನ್ನು ಬಿಎಂಡಬ್ಲ್ಯೂಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿ ತನ್ನ ಬಾಕ್ಸುಗಳ ಆಯಿಲನ್ನು 80,000ದಿಂದ 1,20,000 ಕಿಲೋಮೀಟರಿನ ಒಳಗೆ ಅಥವಾ 8 ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುತ್ತದೆ. ಕಾರು ಮಾರುವವನದು ಒಂದು ಮಾತು, ಗೇರ್‌ಬಾಕ್ಸ್ ಮಾಡಿದವನದು ಇನ್ನೊಂದು. ನಾನು ಮಾಡಿದವನ ಕಡೆ.

ನನಗೆ ಬಹಳ ಇಷ್ಟವಾದದ್ದು ಫೋರ್ಡ್ ಪಿಕಪ್ಪುಗಳ ಕೈಪಿಡಿಯ ಒಂದು ಸೂಚನೆ. ಹಿಂದಿನ ಆಕ್ಸಲ್ಲಿನ ಆಯಿಲ್ ಆಯುಷ್ಯಪೂರ್ತಿ ಬರುತ್ತದೆ, ಮುಟ್ಟಬೇಡಿ. ಆದರೆ ಆಕ್ಸಲ್ ನೀರಿನಲ್ಲಿ ಮುಳುಗಿದ್ದರೆ ಬದಲಾಯಿಸಿ ಅನ್ನುತ್ತದೆ ಅದು. ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಎಸ್ಟೇಟ್ ಜೀಪು ಘಾಟಿ ಏರಿ ಬಂದಿರುತ್ತದೆ, ಹೌಸಿಂಗು ಕೈ ಇಡಲಾಗದಷ್ಟು ಕಾದಿರುತ್ತದೆ, ಹಾಗೇ ಹಳ್ಳಕ್ಕೆ ಇಳಿಸುತ್ತಾರೆ. ತಣ್ಣೀರು ತಾಗಿದ್ದೇ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿರುವ ಬ್ರೀದರ್ ಎಂಬ ಗಾಳಿಕಿಂಡಿಯಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಗೆಳೆದುಕೊಳ್ಳುತ್ತದೆ. ಶ್ರಾವಣ ಕಳೆದ ಮೇಲೆ ಅಂಥ ಜೀಪಿನ ಪ್ಲಗ್ ಬಿಚ್ಚಿದರೆ ಬರುವುದು ಹಾಲು ಹೆಚ್ಚಾದ ಕಾಫಿಯ ಹಾಗಿನ ದ್ರವ. ಅದರಲ್ಲಿ ಓಡಿದ ಬೇರಿಂಗ್ ಮುಂದಿನ ಮಳೆಗಾಲದ ತನಕ ಹೋಗುವುದು ಅನುಮಾನ.

ನೀರು ಹೊಗದಿದ್ದರೂ ಪ್ಲಗ್ ಬಹಳ ಹೇಳುತ್ತದೆ. ಹಲವು ಪ್ಲಗ್ಗುಗಳ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಬಿಚ್ಚಿ ಬೆಳಕಿಗೆ ಹಿಡಿದರೆ ಅದರ ಮೇಲೆ ಬೂದು ಬಣ್ಣದ ಪೇಸ್ಟು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಬೇಕು. ನುಣ್ಣಗಿದ್ದು ಬೆರಳ ಗೆರೆಯೊಳಗೆ ಇಳಿದರೆ ಅದು ಸಹಜ ಸವೆತ, ಒರೆಸಿ ಹಾಕಿದರಾಯಿತು. ಚರ್ಮಕ್ಕೆ ಚುಚ್ಚಿದರೆ, ಚೂರುಗಳು ಹೊಳೆದರೆ, ಕ್ರೌನ್ ಪಿನಿಯನ್ನೋ ಬೇರಿಂಗೋ ಎದ್ದುಹೋಗುತ್ತಿದೆ ಅಂತ ಲೆಕ್ಕ. ಗೇರ್‌ಬಾಕ್ಸಿನಿಂದ ಇಳಿದ ಆಯಿಲಿನಲ್ಲಿ ಚಿನ್ನದ ಬಣ್ಣದ ಮಿನುಗು ಕಂಡರೆ ಸಿಂಕ್ರೊನೈಸರ್ ರಿಂಗು ಕರಗುತ್ತಿದೆ. ಹಿತ್ತಾಳೆ ಅಯಸ್ಕಾಂತಕ್ಕೆ ಹಿಡಿಯುವುದಿಲ್ಲವಲ್ಲ, ಟ್ರೇನಲ್ಲೇ ನೋಡಬೇಕು. ಪ್ಲಗ್ ಇಲ್ಲದ ಹೌಸಿಂಗಿನಲ್ಲಿ ಈ ಯಾವುದೂ ಕಾಣುವುದಿಲ್ಲ. ಊಂ ಅನ್ನುವ ಸದ್ದು ಬಂದಾಗಲೇ ಗೊತ್ತಾಗುವುದು, ಅಷ್ಟು ಹೊತ್ತಿಗೆ ಆಯಿಲ್ ಬದಲಿಸಿ ಪ್ರಯೋಜನವಿಲ್ಲ.

ಹಾಗಂತ ಹತ್ತು, ಇಪ್ಪತ್ತು ಸಾವಿರ ಕಿಲೋಮೀಟರಿಗೊಮ್ಮೆ ಎಲ್ಲರ ಗೇರ್ ಆಯಿಲನ್ನೂ ಇಳಿಸುವ ಗ್ಯಾರೇಜಿನವರ ಪರ ನಾನಲ್ಲ. ಅದು ಆಯಿಲ್ ವ್ಯಾಪಾರ. 1983ರಲ್ಲಿ ಮಾರುತಿ 800 ಬಂದಮೇಲೆ ನಮ್ಮಲ್ಲಿ ಮುಂದಿನ ಚಕ್ರ ಎಳೆಯುವ ಕಾರುಗಳೇ ಹೆಚ್ಚಾದವು. ಅವುಗಳಲ್ಲಿ ಗೇರ್‌ಬಾಕ್ಸೂ ಡಿಫರೆನ್ಷಿಯಲ್ಲೂ ಒಂದೇ ಪೆಟ್ಟಿಗೆಯಲ್ಲಿ, ಎರಡಕ್ಕೂ ಒಂದೇ ಆಯಿಲ್, ಹೈಪಾಯ್ಡ್ ಇಲ್ಲ. ಕೈಪಿಡಿ ಹೇಳಿದಾಗ ಬದಲಿಸಿದರೆ ಸಾಕು. ಹಿಂದಿನ ಚಕ್ರ ಎಳೆಯುವ ಗಾಡಿ, ಹೊರೆ ಹೊತ್ತು ಘಾಟಿ ಏರುವ ಗಾಡಿ ಆದರೆ ಹೊಸದರಲ್ಲೇ ಒಮ್ಮೆ, ಆಮೇಲೆ ಅರವತ್ತು-ಎಂಬತ್ತು ಸಾವಿರಕ್ಕೊಮ್ಮೆ, ಹಳ್ಳ ಹಾಯ್ದಿದ್ದರೆ ಆ ಮಳೆಗಾಲ ಮುಗಿದ ಕೂಡಲೇ. ಮೂರು ವರ್ಷಕ್ಕೆ ಕಾರು ಮಾರುವವರು ಬೇಕಾದರೆ ಕಂಪನಿಯ ಮಾತು ಕೇಳಲಿ.

ತಳದ ಪ್ಲಗ್ ಇಲ್ಲದಿದ್ದರೆ ಮೇಲಿನ ತೂತಿನಿಂದ ಕೈಪಂಪಿನ ಪೈಪು ಇಳಿಸಿ ಹೀರಬೇಕು. ಅದಕ್ಕೂ ಮೊದಲು ಗಾಡಿಯನ್ನು ಐದಾರು ಕಿಲೋಮೀಟರ್ ಓಡಿಸಿ ಆಯಿಲನ್ನು ಬೆಚ್ಚಗೆ ಮಾಡಿಕೊಳ್ಳಿ. ತಣ್ಣಗಿದ್ದರೆ ಪಂಪು ಎಳೆಯುವುದಿಲ್ಲ, ತಳದ ಪುಡಿ ತಳದಲ್ಲೇ ಕೂರುತ್ತದೆ. ಕವರ್ ಬಿಚ್ಚುವ ಹೌಸಿಂಗಾದರೆ ಗ್ಯಾಸ್ಕೆಟ್ ಹೊಸದೇ ಹಾಕಿಸಿ. ಬ್ರೀದರಿನಲ್ಲಿ ಕೆಸರು ಕಟ್ಟಿದೆಯೇ ಅಂತ ಅದೇ ಹೊತ್ತಿಗೆ ಬೆರಳಾಡಿಸಿ ನೋಡಿ. ಅದಕ್ಕೆ ದುಡ್ಡೇನೂ ಬೀಳುವುದಿಲ್ಲ.