ಬೆಸ್ಟ್ ಮಶೀನು ಮತ್ತು ವಾರ್ಹಾಲ್‌ನ ಫ್ಲಾಪಿಗಳು

ನಮ್ಮ ಹಳೇ ಡೆಸ್ಕ್‌ಟಾಪ್ ಕೊನೆಗೂ ಕೈಕೊಟ್ಟಿತು. ಸ್ವಿಚ್ ಒತ್ತಿದರೆ ಫ್ಯಾನು ಗುಂಯ್ ಅನ್ನುತ್ತೆ, ಪರದೆ ಮಾತ್ರ ಕಪ್ಪು. ಚಿತ್ರ ಬರೆಯುವ ಹುಚ್ಚು ಬಿಡಬೇಕಲ್ಲ... ಹೊಸದು ಕೊಳ್ಳೋಣ ಅಂತ ಮೊನ್ನೆ ಶನಿವಾರ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯ ಹುಡುಗ ಪ್ರಾಸೆಸರ್, ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಅಂತ ಒಂದೇ ಉಸಿರಿಗೆ ಒದರಿ, "ಡ್ರಾಯಿಂಗ್‌ಗೆ ಇದಕ್ಕಿಂತ ಬೆಸ್ಟ್ ಮಶೀನ್ ಇಲ್ಲ ಸಾರ್" ಅಂದ. ಕೊಟೇಶನ್ ಚೀಟಿ ಜೇಬಿಗಿಟ್ಟುಕೊಂಡು ಮನೆಗೆ ಬಂದೆ.

"ಬೆಸ್ಟ್ ಮಶೀನ್" ಅನ್ನೋ ಮಾತು ಕೇಳಿದಾಗಲೆಲ್ಲ ನನಗೆ ಅಮಿಗಾ ನೆನಪಾಗುತ್ತೆ.

1985ರಲ್ಲಿ ಯಾರಾದರೂ ಚಿತ್ರ ಬರೆಯೋಕೆ ಕಂಪ್ಯೂಟರ್ ಹುಡುಕಿದ್ದರೆ ಏನು ಸಿಗುತ್ತಿತ್ತು ನೋಡಿ. ಹಿಂದಿನ ವರ್ಷ ಬಂದಿದ್ದ ಮ್ಯಾಕಿಂತೋಷ್‌ನಲ್ಲಿ ಬಿಲ್ ಅಟ್ಕಿನ್ಸನ್ ಬರೆದ ಸೊಗಸಾದ ಮ್ಯಾಕ್‌ಪೇಂಟ್ ಇತ್ತು. ಆದರೆ ಬೆಲೆ 2,495 ಡಾಲರ್, ಬಣ್ಣ ಎರಡೇ: ಕಪ್ಪು, ಬಿಳಿ. ಐಬಿಎಂ ಪೀಸಿಯ ಸಿಜಿಎ ಕಾರ್ಡು ಚಿತ್ರದಲ್ಲಿ ಒಮ್ಮೆಗೆ ನಾಲ್ಕು ಬಣ್ಣ ತೋರಿಸುತ್ತಿತ್ತು. ಅದರಲ್ಲಿ ಮುಖದ ಬಣ್ಣ ತರಲು ಹೊರಟವನ ಪಾಡು ದೇವರಿಗೇ ಪ್ರೀತಿ. ಪೆನ್ನು ಹಿಡಿದು ಬರೆಯಬಹುದಾದ ಕ್ವಾಂಟೆಲ್ ಪೇಂಟ್‌ಬಾಕ್ಸ್ 1981ರಿಂದಲೇ ಇತ್ತು, ಆದರೆ ಅದನ್ನು ಕೊಳ್ಳಲು ಟೀವಿ ಸ್ಟೇಷನ್ನೇ ಇಟ್ಟುಕೊಂಡಿರಬೇಕಿತ್ತು.

ಅಂಥ ಹೊತ್ತಿನಲ್ಲಿ ಕಮೊಡೋರ್ ಕಂಪನಿ ಅಮಿಗಾ 1000 ತಂತು. ಅಟಾರಿಗೆ ಚಿಪ್ ಮಾಡಿದ್ದ ಜೇ ಮೈನರ್ ಇದರ ಹಿಂದಿನ ತಲೆ. ಎಲ್ಲ ಕೆಲಸವನ್ನೂ ಪ್ರಾಸೆಸರಿನ ತಲೆಗೇ ಕಟ್ಟದೆ ಚಿತ್ರಕ್ಕೆ, ಸದ್ದಿಗೆ ಬೇರೆ ಬೇರೆ ಚಿಪ್ ಇಟ್ಟಿದ್ದರು. 4,096 ಬಣ್ಣಗಳಲ್ಲಿ ಬೇಕಾದ 32 ಆರಿಸಿಕೊಳ್ಳಬಹುದು. ಬೆಲೆ, ಮಾನಿಟರ್ ಬಿಟ್ಟು, 1,295 ಡಾಲರ್.

1985ರ ಜುಲೈ 23ರಂದು ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಅದರ ಬಿಡುಗಡೆ. ವೇದಿಕೆ ಮೇಲೆ ಆಂಡಿ ವಾರ್ಹಾಲ್! ಪಕ್ಕದಲ್ಲಿ ಬ್ಲಾಂಡಿ ಬ್ಯಾಂಡಿನ ಗಾಯಕಿ ಡೆಬ್ಬಿ ಹ್ಯಾರಿ. ಕ್ಯಾಮೆರಾದಲ್ಲಿ ಅವಳ ಮುಖ ಹಿಡಿದು, ಕಂಪ್ಯೂಟರಿಗೆ ತಂದು, ಮೌಸಿನಲ್ಲಿ ಕ್ಲಿಕ್ಕಿಸಿ ಬಣ್ಣ ತುಂಬಿದ. ತಂತ್ರಾಂಶ ಇನ್ನೂ ಪೂರ್ತಿ ಸಿದ್ಧವಾಗಿರಲಿಲ್ಲ. ಬಣ್ಣ ತುಂಬುವ ಸಾಧನ ಯಾವಾಗ ಬೇಕಾದರೂ ಕೈಕೊಡಬಹುದು ಅಂತ ಕಂಪನಿಯವರು ಜೀವ ಕೈಯಲ್ಲಿ ಹಿಡಿದಿದ್ದರಂತೆ. ಪುಣ್ಯಕ್ಕೆ ಕೈಕೊಡಲಿಲ್ಲ.

ಆಮೇಲೆ? ಫೋಟೋಶಾಪ್ 1990ರಲ್ಲಿ ಬಂದದ್ದು ಮ್ಯಾಕ್‌ಗೆ, ಅಮಿಗಾಕ್ಕಲ್ಲ. ಪೀಸಿಗಳೂ 1987ರ ವಿಜಿಎ ಬಂದ ಮೇಲೆ 256 ಬಣ್ಣ ತೋರಿಸತೊಡಗಿದ್ದವು. 1994ರ ಏಪ್ರಿಲ್‌ನಲ್ಲಿ ಕಮೊಡೋರ್ ದಿವಾಳಿ. ಕಲಾವಿದರ ಬೆಸ್ಟ್ ಮಶೀನಿನ ಕಂಪನಿ ಬಾಳಿದ್ದು ಬಿಡುಗಡೆಯಿಂದಾಚೆ ಒಂಬತ್ತು ವರ್ಷವೂ ತುಂಬಲಿಲ್ಲ.

ನನಗೆ ಮುಖ್ಯ ಅನಿಸೋದು ಇನ್ನೂ ಮುಂದಿನ ಕತೆ. ವಾರ್ಹಾಲ್ 1987ರ ಫೆಬ್ರವರಿಯಲ್ಲಿ ತೀರಿಕೊಂಡ. ಅವನ ಅಮಿಗಾ, ಫ್ಲಾಪಿಗಳೆಲ್ಲ ಪಿಟ್ಸ್‌ಬರ್ಗಿನ ವಾರ್ಹಾಲ್ ಮ್ಯೂಸಿಯಮ್ಮಿನಲ್ಲಿದ್ದವು. 2011ರಲ್ಲಿ ಕೋರಿ ಆರ್ಕೇಂಜೆಲ್ ಅನ್ನೋ ಕಲಾವಿದ ಆ ಬಿಡುಗಡೆಯ ವಿಡಿಯೋ ನೋಡಿ, ಆ ಚಿತ್ರಗಳೇನಾದವು ಅಂತ ವಿಚಾರಿಸಿದ. ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಫ್ಲಾಪಿಯ ಕಾಂತೀಯ ಗುರುತುಗಳನ್ನೇ ಇದ್ದದ್ದಿದ್ದಂತೆ ನಕಲಿಸಿಕೊಂಡರು. ಫೈಲು ಸಿಕ್ಕಿತು, ತೆರೆಯಲಿಲ್ಲ! ಯಾವ ಅಮಿಗಾ ತಂತ್ರಾಂಶಕ್ಕೂ ಗೊತ್ತಿಲ್ಲದ ಫಾರ್ಮ್ಯಾಟು ಅದು. ಮಾರುಕಟ್ಟೆಗೆ ಬರುವ ಮೊದಲಿನ ತಂತ್ರಾಂಶದಲ್ಲಿ ಉಳಿಸಿಟ್ಟದ್ದು. ಹುಡುಗರು ಅದರ ಗುಟ್ಟನ್ನು ಬಿಡಿಸಿದ ಮೇಲೆ 28 ಚಿತ್ರ ಹೊರಬಂದವು. ಸೂಪ್ ಡಬ್ಬಿ, ಮರ್ಲಿನ್, ಮೂರು ಕಣ್ಣಿನ ವೀನಸ್... ಲೋಕಕ್ಕೆ ತಿಳಿದದ್ದು 2014ರಲ್ಲಿ.

ಅದೇ 1985ರಲ್ಲಿ, ಅದೇ ಅಮಿಗಾಕ್ಕೆ ಡ್ಯಾನ್ ಸಿಲ್ವ ಬರೆದ ಡಿಲಕ್ಸ್ ಪೇಂಟ್ ಬಂತು. ಅದರ ಚಿತ್ರಗಳನ್ನು ಇವತ್ತೂ ತೆರೆಯಬಹುದು. ಯಾಕೆಂದರೆ ಅದು ಬಳಸಿದ ಐಎಫ್ಎಫ್ ಫಾರ್ಮ್ಯಾಟಿನ ವಿವರವನ್ನು ಎಲೆಕ್ಟ್ರಾನಿಕ್ ಆರ್ಟ್ಸ್ ಎಲ್ಲರಿಗೂ ಸಿಗುವಂತೆ ಪ್ರಕಟಿಸಿತ್ತು. ಒಂದೇ ಮಶೀನು, ಒಂದೇ ವರ್ಷ. ಯಾರೋ ಆಟದ ಹುಡುಗ ಬರೆದ ಗಿಳಿ ಉಳಿಯಿತು, ವಾರ್ಹಾಲ್‌ನ ವೀನಸ್‌ಗೆ ಪತ್ತೇದಾರರು ಬೇಕಾದರು.

ನಮಗಿದು ಹೊಸದೇನಲ್ಲ ಬಿಡಿ. ಯೂನಿಕೋಡಿಗೆ ಮುಂಚೆ ನುಡಿಯಲ್ಲೋ ಬರಹದಲ್ಲೋ ಟೈಪಿಸಿದ ಲೇಖನವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು, ಪರದೆ ತುಂಬ ವಿಚಿತ್ರ ಅಕ್ಷರ ನೋಡಿ ತಲೆ ಚಚ್ಚಿಕೊಂಡವರು ನಿಮ್ಮಲ್ಲೂ ಇದ್ದೀರಲ್ಲ?

ನನ್ನದೂ ಒಂದಿದೆ. 2004ರಲ್ಲಿ ಅಪ್ಪ ಜಗುಲಿಯಲ್ಲಿ ಪೇಪರ್ ಓದುತ್ತಾ ಕೂತದ್ದನ್ನು ಮೌಸಿನಲ್ಲೇ ಬರೆದಿದ್ದೆ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. "ಮೂಗು ಇಷ್ಟು ಉದ್ದ ಇದೆಯೇನೋ ನಂದು?" ಅಂತ ಕೇಳಿದ್ದರು. ಆ ಫೈಲು ಸೀಡಿಯಲ್ಲಿ ಈಗಲೂ ಇದೆ. ಬರೆದ ತಂತ್ರಾಂಶ ಮಾತ್ರ ಈಗ ಎಲ್ಲೂ ಸಿಗೋದಿಲ್ಲ. ಜೆಪೆಗ್ ಆದರೂ ಮಾಡಿಡಬೇಕು ಅಂತ ಆಗ ಹೊಳೆಯಲಿಲ್ಲ. ಅಪ್ಪ ಹೋಗಿ ಹನ್ನೊಂದು ವರ್ಷವಾಯ್ತು.

ಹಾಗಾಗಿ ಈ ಸಲ ಲೆಕ್ಕ ನಾನೇ ಹಾಕಿದೆ. ಎ3 ಅಳತೆ, 300 ಡಿಪಿಐ ಅಂದರೆ ಸುಮಾರು 1.74 ಕೋಟಿ ಪಿಕ್ಸೆಲ್. ಪಿಕ್ಸೆಲ್ಲಿಗೆ 4 ಬೈಟಿನಂತೆ ಒಂದು ಲೇಯರಿಗೆ ಸುಮಾರು 70 ಎಂಬಿ, ಮೂವತ್ತು ಲೇಯರಿಗೆ 2 ಜಿಬಿ ದಾಟುತ್ತೆ. (ಅಮಿಗಾದ 32 ಬಣ್ಣದ 320×200 ಚಿತ್ರಕ್ಕೆ 40 ಕೆಬಿ ಸಾಕಿತ್ತು!) ಅನ್‌ಡೂ ನೆನಪಿಟ್ಟುಕೊಳ್ಳೋಕೂ ಜಾಗ ಬೇಕು. ಅದಕ್ಕೇ ರ್‍ಯಾಮ್ 32 ಜಿಬಿ. ನಾನು ಬರೆಯೋದು ಸಾದಾ ಎರಡು ಆಯಾಮದ ಚಿತ್ರ, ಗೇಮ್ ಆಡೋರಿಗೆ ಬೇಕಾದ ದುಬಾರಿ ಗ್ರಾಫಿಕ್ಸ್ ಕಾರ್ಡು ಯಾಕೆ? ಅದನ್ನು ಹೊಡೆದುಹಾಕಿ, ಉಳಿದ ದುಡ್ಡಲ್ಲಿ ಬಣ್ಣ ಸರಿ ತೋರಿಸುವ ಮಾನಿಟರು, ಬ್ಯಾಕಪ್ಪಿಗೆ ಎರಡು ಹಾರ್ಡ್ ಡಿಸ್ಕು ಬರೆಸಿದೆ. ತಂತ್ರಾಂಶ ಕ್ರಿಟಾ. ಪುಕ್ಕಟೆ ಅಂತಲ್ಲ, ಅದರ ಫೈಲು ಒಂದು ಜಿಪ್ ಅಷ್ಟೇ. ಬಿಚ್ಚಿದರೆ ಒಳಗೆ ಪೂರ್ತಿ ಚಿತ್ರದ ಒಂದು ಪಿಎನ್‌ಜಿ ಇರುತ್ತೆ.

ಮರುದಿನ ಚೀಟಿ ತಿದ್ದಿಸಲು ಹೋದಾಗ ಹುಡುಗ ಮುಖ ಸಿಂಡರಿಸಿಕೊಂಡೇ ಒಪ್ಪಿದ. "ಹಳೇದು ಎಕ್ಸ್‌ಚೇಂಜಿಗೆ ಕೊಡಿ ಸಾರ್, ಸಾವಿರ ರೂಪಾಯಿ ಬಿಡ್ತೀನಿ" ಅಂದ. ಬೇಡ ಅಂದೆ. ಅದರ ಹಾರ್ಡ್ ಡಿಸ್ಕಿನಲ್ಲಿ ಆ ತಂತ್ರಾಂಶ ಇನ್ನೂ ಇದ್ದರೂ ಇರಬಹುದು. ಇನ್ನೂರು ರೂಪಾಯಿಗೆ ಹಳೇ ಡಿಸ್ಕು ಜೋಡಿಸುವ ಕೇಬಲ್ಲೊಂದು ಸಿಕ್ಕಿತು, ಅದನ್ನೂ ಬಿಲ್ಲಿಗೆ ಸೇರಿಸಿಸಿದೆ.