ಕಥನದಿಂದ ಸಾಕ್ಷ್ಯದೆಡೆಗೆ: ಕ್ಯಾನ್ಸರ್‌ನ ಪ್ರತಿರಕ್ಷಾ ಚಿಕಿತ್ಸೆಯ ಆರಂಭದ ಇತಿಹಾಸ

ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸಿಕೊಂಡು ಕ್ಯಾನ್ಸರನ್ನು ಎದುರಿಸುವ ಪದ್ಧತಿಯನ್ನು ಪ್ರತಿರಕ್ಷಾ ಚಿಕಿತ್ಸೆ ಅಥವಾ ಇಮ್ಯುನೊಥೆರಪಿ ಎಂದು ಕರೆಯುತ್ತಾರೆ. ಇದರ ಇತಿಹಾಸವನ್ನು ಸಾಮಾನ್ಯವಾಗಿ ಪ್ರಯೋಗಾಲಯದ ಇತಿಹಾಸವಾಗಿ ನಿರೂಪಿಸಲಾಗುತ್ತದೆ. ಆದರೆ ಅದರ ಮೊದಲ ಅಧ್ಯಾಯವಿರುವುದು ಗುಣಮುಖರಾದ ಕೆಲವೇ ರೋಗಿಗಳ ಕುರಿತ ಕಥನಗಳಲ್ಲಿ. ಕಥನವೊಂದು ಯಾವಾಗ ಮತ್ತು ಎಷ್ಟರಮಟ್ಟಿಗೆ ಸಾಕ್ಷ್ಯವಾಗುತ್ತದೆ ಎಂಬುದು ಜಾನಪದ ಅಧ್ಯಯನದ ಮೂಲಭೂತ ಪ್ರಶ್ನೆಗಳಲ್ಲಿ ಒಂದು. ಆ ಪ್ರಶ್ನೆಯನ್ನು ಇಟ್ಟುಕೊಂಡು ಈ ಅಧ್ಯಾಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಡ್ಡೆ ತಾನಾಗಿಯೇ ಕರಗಿದ ಕಥೆಗಳು ಹಳೆಯವು. ಇಟಲಿಯ ಫೋರ್ಲಿ ಪಟ್ಟಣದ ಸಂತ ಪೆರೆಗ್ರಿನ್ ಕುರಿತ ಐತಿಹ್ಯ ಇದಕ್ಕೊಂದು ನಿದರ್ಶನ. ಕಾಲಿನಲ್ಲಿ ಎದ್ದ ವ್ರಣದಿಂದಾಗಿ ಕಾಲನ್ನೇ ಕತ್ತರಿಸಬೇಕಾಗಿದ್ದ ಹಿಂದಿನ ರಾತ್ರಿ ಆತ ಪ್ರಾರ್ಥಿಸಿದನೆಂದೂ ಬೆಳಗಾಗುವಷ್ಟರಲ್ಲಿ ವ್ರಣ ಮಾಯವಾಗಿತ್ತೆಂದೂ ಅದು ಹೇಳುತ್ತದೆ. 1726ರಲ್ಲಿ ಸಂತಪದವಿ ಪಡೆದ ಪೆರೆಗ್ರಿನ್ ಇಂದಿಗೂ ಕ್ಯಾನ್ಸರ್ ರೋಗಿಗಳ ಪೋಷಕ ಸಂತ. ಇಂಥ ಐತಿಹ್ಯದ ಸಾರ್ಥಕತೆ ಇರುವುದು ಅದು ನೀಡುವ ಭರವಸೆಯಲ್ಲಿ. ಅದನ್ನು ಪರೀಕ್ಷೆಗೆ ಒಡ್ಡಲು ದಾರಿಯಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಆಶಯ ವೈದ್ಯರ ಬರಹಗಳಲ್ಲಿ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತು. ಎರಿಸಿಪೆಲಾಸ್ ಎಂಬ ಚರ್ಮದ ಸೋಂಕು ತಗುಲಿದ ಕೆಲವರಲ್ಲಿ ಗಡ್ಡೆ ಕುಗ್ಗಿದ್ದುದನ್ನು ಜರ್ಮನಿಯ ವಿಲ್‌ಹೆಲ್ಮ್ ಬುಷ್ 1868ರಲ್ಲಿ ದಾಖಲಿಸಿದ್ದನು. ಆಯುರ್ವೇದವು ವಿಸರ್ಪವೆಂದು ವಿವರಿಸುವ ರೋಗ ಇದನ್ನೇ ಹೋಲುತ್ತದೆ. ನ್ಯೂಯಾರ್ಕಿನ ಯುವ ಶಸ್ತ್ರವೈದ್ಯ ವಿಲಿಯಂ ಕೋಲಿ, ತನ್ನ ಹದಿಹರೆಯದ ರೋಗಿಯೊಬ್ಬಳು 1891ರ ಜನವರಿಯಲ್ಲಿ ಸಾರ್ಕೋಮಾದಿಂದ ತೀರಿಕೊಂಡ ಬಳಿಕ ಆಸ್ಪತ್ರೆಯ ಹಳೆಯ ಕಡತಗಳನ್ನು ತೆರೆದನು. ಫ್ರೆಡ್ ಸ್ಟೈನ್ ಎಂಬ ಜರ್ಮನ್ ವಲಸಿಗನ ಕುತ್ತಿಗೆಯ ಗಡ್ಡೆ ಹಲವು ಶಸ್ತ್ರಕ್ರಿಯೆಗಳ ನಂತರವೂ ಮತ್ತೆ ಬೆಳೆದು, 1885ರಲ್ಲಿ ಎರಿಸಿಪೆಲಾಸ್ ಬಂದಾಗ ಕರಗಿಹೋಗಿತ್ತೆಂಬ ದಾಖಲೆ ಅಲ್ಲಿತ್ತು.

ಕೋಲಿ ಕಡತದ ಮಾತಿಗಷ್ಟೇ ನಿಲ್ಲಲಿಲ್ಲ. ಮ್ಯಾನ್‌ಹಟನ್ನಿನ ವಲಸಿಗರ ವಠಾರಗಳಲ್ಲಿ ಹುಡುಕಾಡಿ ಸ್ಟೈನ್‌ನನ್ನು ಪತ್ತೆಹಚ್ಚಿದನು. ಆತ ಬದುಕಿದ್ದನು, ರೋಗ ಮರುಕಳಿಸಿರಲಿಲ್ಲ. ಇದನ್ನು ಕ್ಷೇತ್ರಕಾರ್ಯವೆಂದೇ ಕರೆಯಬೇಕಾಗುತ್ತದೆ. ಐತಿಹ್ಯಕ್ಕೂ ರೋಗವೃತ್ತಾಂತಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಮೊದಲನೆಯದರಲ್ಲಿ ವಕ್ತೃವನ್ನು ಮರಳಿ ಕಾಣಲಾಗದು. ಎರಡನೆಯದರಲ್ಲಿ ಕಾಣಲು ಸಾಧ್ಯ.

ಆದರೆ ಒಂದು ವೃತ್ತಾಂತ ಪ್ರಶ್ನೆಯನ್ನು ಹುಟ್ಟಿಸಬಲ್ಲದೇ ಹೊರತು ಉತ್ತರವಾಗಲಾರದು. ಅದೇ ವರ್ಷ ಕೋಲಿ ಜೋಲಾ ಎಂಬ ಇಟಲಿಯ ವಲಸಿಗನಿಗೆ ಸ್ಟ್ರೆಪ್ಟೊಕಾಕಸ್ ಸೂಕ್ಷ್ಮಾಣುಗಳನ್ನು ಚುಚ್ಚಿದನು. ತೀವ್ರ ಜ್ವರ ಬಂದು ಗಡ್ಡೆ ಕರಗಿತು. ಆತ ಮತ್ತೆ ಹಲವು ವರ್ಷ ಬದುಕಿದನು. ಆದರೆ ಜೀವಂತ ಸೂಕ್ಷ್ಮಾಣುಗಳು ಬೇರೆ ಕೆಲವು ರೋಗಿಗಳ ಪ್ರಾಣವನ್ನೇ ತೆಗೆದವು. ಬಳಿಕ ಕೊಂದ ಸೂಕ್ಷ್ಮಾಣುಗಳ ಮಿಶ್ರಣವನ್ನು ಬಳಸಲಾಯಿತು. ‘ಕೋಲಿಯ ಟಾಕ್ಸಿನ್’ ಎಂದು ಹೆಸರಾದದ್ದು ಇದೇ. ತಯಾರಿಕೆಯ ವಿಧಾನ, ಪ್ರಮಾಣ, ಚುಚ್ಚುವ ಜಾಗ ಯಾವುದೂ ಏಕರೂಪವಾಗಿರಲಿಲ್ಲ. ಆದ್ದರಿಂದ ಫಲಿತಾಂಶಗಳನ್ನು ಹೋಲಿಸುವುದು ಕಷ್ಟವಾಯಿತು. ಪ್ರಭಾವಿ ರೋಗಶಾಸ್ತ್ರಜ್ಞ ಜೇಮ್ಸ್ ಎವಿಂಗ್ ಇದನ್ನು ವಿರೋಧಿಸಿದನು. ವಿಕಿರಣ ಚಿಕಿತ್ಸೆ ಮುನ್ನೆಲೆಗೆ ಬಂದಿತು. 1936ರಲ್ಲಿ ಕೋಲಿ ನಿಧನನಾದಾಗ ಆತನ ಪದ್ಧತಿ ಬಹುತೇಕ ಬದಿಗೆ ಸರಿದಿತ್ತು.

ಆ ಕಥನಗಳು ಉಳಿದುಬಂದದ್ದು ಆತನ ಮಗಳಿಂದ. ವೈದ್ಯಕೀಯ ಶಿಕ್ಷಣವಿಲ್ಲದ ಹೆಲೆನ್ ಕೋಲಿ ನಾಟ್ಸ್ ತಂದೆಯ ಕಾಗದಪತ್ರಗಳಿಂದ ನೂರಾರು ವೃತ್ತಾಂತಗಳನ್ನು ಸಂಗ್ರಹಿಸಿ ವರ್ಗೀಕರಿಸಿದಳು. 1953ರಲ್ಲಿ ಆಕೆಯ ಶ್ರಮದಿಂದ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸ್ಥಾಪನೆಗೊಂಡಿತು. ಸಂಗ್ರಾಹಕರ ಕೆಲಸ ಸಿದ್ಧಾಂತಕ್ಕಿಂತ ಕೆಳಗಿನದೆಂಬ ಭಾವನೆಯನ್ನು ಈ ಉದಾಹರಣೆ ಪ್ರಶ್ನಿಸುತ್ತದೆ.

ಇಂದು ಕೋಲಿಯನ್ನು ಪ್ರತಿರಕ್ಷಾ ಚಿಕಿತ್ಸೆಯ ಪಿತಾಮಹನೆನ್ನುತ್ತಾರೆ. ಕುಲಮೂಲದ ಕಥನಗಳಂತೆ ಇದೂ ಒಂದು ಮೂಲಪುರುಷ ಕಥನವೆಂಬುದನ್ನು ಗಮನಿಸಬೇಕು. ತನ್ನ ಔಷಧ ಹೇಗೆ ಕೆಲಸಮಾಡುತ್ತದೆಂಬುದು ಕೋಲಿಗೆ ತಿಳಿದಿರಲಿಲ್ಲ. ಆತನ ಮಾರ್ಗಕ್ಕೆ ಹತ್ತಿರವಾದುದು ಮೂತ್ರಕೋಶದ ಕ್ಯಾನ್ಸರ್‌ಗೆ ಬಿಸಿಜಿ ಬಳಸುವ ಚಿಕಿತ್ಸೆ. ಅಲ್ವಾರೊ ಮೊರಾಲೆಸ್ 1976ರಲ್ಲಿ ಅದನ್ನು ವರದಿಮಾಡಿದನು. 2018ರ ನೊಬೆಲ್ ಪ್ರಶಸ್ತಿ ಪಡೆದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರ ಶೋಧ ಬಂದದ್ದು ಬೇರೆ ದಾರಿಯಿಂದ. ಟಿ ಕೋಶಗಳನ್ನು ತಡೆಹಿಡಿಯುವ ಸಿಟಿಎಲ್ಎ-4, ಪಿಡಿ-1 ಎಂಬ ಪ್ರೋಟೀನುಗಳ ಅಧ್ಯಯನದಿಂದ ಅದು ರೂಪುಗೊಂಡಿತು. ಆ ತಡೆಯನ್ನು ತೆಗೆಯುವ ಮೊದಲ ಔಷಧಕ್ಕೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಈ ಚಿಕಿತ್ಸೆಗಳಿಗೂ ಎಲ್ಲ ರೋಗಿಗಳು ಸ್ಪಂದಿಸುವುದಿಲ್ಲ.

ಒಟ್ಟಿನಲ್ಲಿ, ಸ್ಟೈನ್‌ನ ಕಥೆಯನ್ನು ಹಾಗೆಯೇ ನಂಬಿದ್ದರೆ ಅದು ಮತ್ತೊಂದು ಐತಿಹ್ಯವಾಗುತ್ತಿತ್ತು. ಕಟ್ಟುಕಥೆಯೆಂದು ತಳ್ಳಿಹಾಕಿದ್ದರೆ ಕಡತದಲ್ಲೇ ಉಳಿಯುತ್ತಿತ್ತು. ಪವಾಡಸದೃಶ ಗುಣಮುಖತೆಯ ಕಥೆಗಳು ಇಂದಿಗೂ ರೋಗಿಗಳ ಮನೆಬಾಗಿಲಿಗೆ ಬರುತ್ತಲೇ ಇವೆ. ಗುಣವಾದವರು ಯಾರು, ಈಗ ಹೇಗಿದ್ದಾರೆ, ಅದೇ ಚಿಕಿತ್ಸೆ ಪಡೆದ ಉಳಿದವರ ಗತಿ ಏನಾಯಿತು ಎಂಬ ಮೂರು ಪ್ರಶ್ನೆಗಳನ್ನು ಪ್ರತಿಯೊಂದು ಕಥೆಗೂ ಕೇಳಬೇಕಾಗಿದೆ. ಕೋಲಿ ಮೊದಲೆರಡಕ್ಕೆ ಉತ್ತರ ಹುಡುಕಿದನು. ಮೂರನೆಯದಕ್ಕೆ ಉತ್ತರಿಸಲು ವಿಜ್ಞಾನಕ್ಕೆ ಒಂದು ಶತಮಾನವೇ ಬೇಕಾಯಿತು.