ಟೈರೋನ್ ಅರ್ಲ್ ಪದವಿ: ಉತ್ತರಾಧಿಕಾರದ ಎರಡು ನ್ಯಾಯಗಳು

ಐರ್ಲೆಂಡಿನ ಅಲ್‌ಸ್ಟರ್ ಪ್ರಾಂತದ ಓನೀಲ್ ಮನೆತನದಲ್ಲಿ ಹದಿನಾರನೆಯ ಶತಮಾನದಲ್ಲಿ ನಡೆದ ಉತ್ತರಾಧಿಕಾರದ ಕಲಹವನ್ನು ಕೇವಲ ದಾಯಾದಿಮತ್ಸರವೆಂದು ಭಾವಿಸುವಂತಿಲ್ಲ. ಅದು ಎರಡು ನ್ಯಾಯಪದ್ಧತಿಗಳ ಘರ್ಷಣೆಯೂ ಆಗಿತ್ತು.

ಐರಿಷ್ ಸಂಪ್ರದಾಯದಂತೆ ದಾಯಾದಿಗಳಲ್ಲಿ ಸಮರ್ಥನಾದವನನ್ನು ಆರಿಸಿ, ಟಲ್ಲಿಹೋಗಿನ ಶಿಲಾಪೀಠದಲ್ಲಿ ‘ಓನೀಲ್’ ಎಂದು ಪಟ್ಟಗಟ್ಟುತ್ತಿದ್ದರು. 1542ರಲ್ಲಿ ಕುಲನಾಯಕ ಕಾನ್ ಈ ಬಿರುದನ್ನು ತೊರೆದು, ಎಂಟನೆಯ ಹೆನ್ರಿಯಿಂದ ಟೈರೋನ್ ಅರ್ಲ್ ಪದವಿಯನ್ನು ಸ್ವೀಕರಿಸಿದನು. ಕಾನ್ ತನ್ನ ಮಗನೆಂದು ಒಪ್ಪಿಕೊಂಡಿದ್ದ ಮ್ಯಾಥ್ಯೂ ಅದರ ಉತ್ತರಾಧಿಕಾರಿಯೆಂದು ರಾಜಸನದಿನಲ್ಲಿಯೇ ನಿಗದಿಯಾಯಿತು.

1558ರಲ್ಲಿ ಕಾನನ ಮಗ ಶೇನನ ಕಡೆಯವರು ಮ್ಯಾಥ್ಯೂವನ್ನು ಕೊಂದರು. ಮರುವರ್ಷ ಕಾನ್ ಮಡಿದಾಗ ಶೇನ್ ಪಟ್ಟವೇರಿದನು. ಮ್ಯಾಥ್ಯೂ ಡಂಡಾಕ್ ಊರಿನ ಕಮ್ಮಾರನ ಮಗನೆಂದೂ, ಆಂಗ್ಲ ನ್ಯಾಯದಂತೆ ತಾನೇ ಔರಸಪುತ್ರನೆಂದೂ, ಐರಿಷ್ ನ್ಯಾಯದಂತೆ ತಾನೇ ಚುನಾಯಿತನೆಂದೂ ಅವನು ವಾದಿಸಿದನು. ಆದರೂ ಅರ್ಲ್ ಪದವಿ ಅವನಿಗೆ ದೊರೆಯಲಿಲ್ಲ. 1567ರಲ್ಲಿ ಅವನೂ ಹತನಾದನು.

ಮ್ಯಾಥ್ಯೂವಿನ ಮಗ ಹ್ಯೂ 1585ರಲ್ಲಿ ಅರ್ಲ್ ಎಂಬ ಮನ್ನಣೆ ಪಡೆದಿದ್ದರೂ, 1595ರಲ್ಲಿ ‘ಓನೀಲ್’ ಬಿರುದನ್ನೂ ಧರಿಸಿದನು. ಸನದಿನಿಂದ ಪದವಿ ದೊರೆಯಬಹುದಾಗಿತ್ತು. ಕುಲದ ನಿಷ್ಠೆ ಹಳೆಯ ಹೆಸರಿಗೇ ಸಲ್ಲುತ್ತಿತ್ತು. 1602ರಲ್ಲಿ ಆಂಗ್ಲ ಸೇನಾನಿ ಮೌಂಟ್‌ಜಾಯ್ ಟಲ್ಲಿಹೋಗಿನ ಪೀಠವನ್ನು ಒಡೆಸಿದುದರ ಮರ್ಮವೂ ಇದೇ. 1607ರಲ್ಲಿ ಹ್ಯೂ ದೇಶ ತೊರೆದನು. ಮುಂದೆ ಅರ್ಲ್ ಪದವಿಯೂ ಮುಟ್ಟುಗೋಲಾಯಿತು.